ಮೂರು ಬಿಳಿ ಹೊಲಿಗೆ

ನನ್ನ ಮಗಳು ಬೃಂದಾ ಶಿವರಾತ್ರಿ ಕಳೆದು ಎರಡು ವಾರವಾದ ಮೇಲೆ, ಒಂದು ಸೋಮವಾರ ತೀರಿಕೊಂಡಳು. ಮಧ್ಯಾಹ್ನ ಹೊಲಿಗೆ ಯಂತ್ರದ ಮುಂದೆ ಕುಳಿತವಳು ತಲೆ ಸಿಡಿಯುತ್ತದೆ ಎಂದಳು. ಆಸ್ಪತ್ರೆಗೆ ಕರೆದೊಯ್ದೆವು. ಸಂಜೆ ಐದರ ಹೊತ್ತಿಗೆ ಎಲ್ಲ ಮುಗಿದಿತ್ತು. ಮಿದುಳಿನಲ್ಲಿ ರಕ್ತನಾಳ ಒಡೆದಿದೆ ಎಂದು ವೈದ್ಯರು ಹೇಳಿದರು. ಅವಳಿಗೆ ಮೂವತ್ತೆರಡು ವರ್ಷ.

ಗುಂಡ್ಲುಪೇಟೆಯಲ್ಲಿ ನಮ್ಮದು ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯೇ ಅವಳ ಅಂಗಡಿ. ಹೊರಗೆ ಬೋರ್ಡು ಇರಲಿಲ್ಲ. ಹಳೆಯ ರೇಷ್ಮೆ ಸೀರೆಗಳನ್ನು ಕತ್ತರಿಸಿ ಅವಳು ಹೆಗಲ ಚೀಲ, ಕೈಚೀಲ, ಹುಡುಗಿಯರು ತೊಡುವ ಉದ್ದನೆಯ ಮೇಲಂಗಿ ಹೊಲಿಯುತ್ತಿದ್ದಳು. ಕಾಲೇಜಿನ ಹೆಣ್ಣುಮಕ್ಕಳು, ಬ್ಯಾಂಕಿನವರು, ಟೀಚರುಗಳು ಹುಡುಕಿಕೊಂಡು ಬರುತ್ತಿದ್ದರು. ಒಂದು ಚೀಲದಂತೆ ಇನ್ನೊಂದು ಇರುತ್ತಿರಲಿಲ್ಲ, ಅದಕ್ಕೇ ಬರುತ್ತಿದ್ದರು. ನಾನು ಮೂವತ್ತಾರು ವರ್ಷ ಪ್ರಾಥಮಿಕ ಶಾಲೆಯಲ್ಲಿ ಕನ್ನಡ ಕಲಿಸಿದವನು. ಮಗಳು ಏನು ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ, 'ಏನೋ ಚೀಲ ಹೊಲೀತಾಳೆ' ಎಂದು ಹೇಳಿ ಬೇರೆ ಮಾತಿಗೆ ಹೋಗುತ್ತಿದ್ದೆ. ಅವಳು ಹೊಲಿದದ್ದನ್ನು ಒಂದು ದಿನವೂ ಕೈಗೆ ತೆಗೆದುಕೊಂಡು ನೋಡಿದವನಲ್ಲ.

ಸತ್ತವರ ಬಟ್ಟೆ ಮನೆಯಲ್ಲಿ ಇರಬಾರದು ಎಂಬುದು ನಮ್ಮಲ್ಲಿ ನಡೆದುಬಂದದ್ದು. ಇದ್ದರೆ ಹೋದ ಜೀವಕ್ಕೆ ಇಲ್ಲಿನ ಎಳೆ ಹರಿಯುವುದಿಲ್ಲ. ತಿಥಿಗೆ ಮುಂಚೆ ನನ್ನ ಮಗ ಶಶಿಕುಮಾರ ಬಂದು, ಅವಳ ಟ್ರಂಕಿನಲ್ಲಿದ್ದದ್ದನ್ನೂ ಮುಂದಿನ ಕೋಣೆಯ ಕಪಾಟಿನಲ್ಲಿದ್ದದ್ದನ್ನೂ ನಾಲ್ಕು ಗಂಟು ಕಟ್ಟಿ ಮಡಿವಾಳರ ಕರಿಬಸಮ್ಮನಿಗೆ ಕೊಟ್ಟ. ಅವನು ಬಂಡೀಪುರದಲ್ಲಿ ಅರಣ್ಯ ಇಲಾಖೆಯ ವಾಚರ್. ರಜೆ ಎರಡೇ ದಿನ ಸಿಕ್ಕಿತ್ತು.

"ಎಲ್ಲಾ ಕೊಟ್ಟಂಗಾಯ್ತಾ ಅಪ್ಪ?" ಎಂದು ಕೇಳಿದ.

"ಎಲ್ಲಾ" ಎಂದೆ.

ಅದು ಸುಳ್ಳು. ಅವಳು ಕುಳಿತಿದ್ದ ಯಂತ್ರದ ಹಲಗೆಯ ಮೇಲೆ ಒಂದು ಸೀರೆ ಮಡಿಸಿಟ್ಟಿತ್ತು. ಅರಿಸಿನದ ಬಣ್ಣ, ಕುಂಕುಮದ ಬಣ್ಣದ ಅಂಚು. ಶಿವರಾತ್ರಿಯ ದಿನ ಅವಳು ಅದನ್ನೇ ಉಟ್ಟು ನನ್ನೊಡನೆ ಗುಡಿಗೆ ಬಂದಿದ್ದಳು. ಶಶಿಕುಮಾರ ಟ್ರಂಕು ತೆಗೆಯುವ ಹೊತ್ತಿಗೆ ನಾನು ಆ ಸೀರೆಯನ್ನು ತೆಗೆದುಕೊಂಡು ಹೋಗಿ ನನ್ನ ತಲೆದಿಂಬಿನ ಕೆಳಗೆ ಇಟ್ಟೆ. ಮಾದಪ್ಪನಿಗೆ ನಡೆದುಕೊಳ್ಳುವ ಒಕ್ಕಲು ನಾವು. ದಿನವೂ ಮಿಂದು, ವಿಭೂತಿ ಧರಿಸಿ, ದೀಪ ಹಚ್ಚಿದ ಮೇಲೆಯೇ ನನ್ನ ಬಾಯಿಗೆ ನೀರು. ಅಂಥವನು ತಿಳಿದೂ ತಿಳಿದೂ ಇದನ್ನು ಮಾಡಿದೆ. ಎಳೆ ಹರಿಯದೆ ಇರಲಿ ಎಂದೇ ಮಾಡಿದೆ. ಸೀರೆಯನ್ನು ಬಿಚ್ಚಲಿಲ್ಲ. ಆ ಮಡಿಕೆಗಳು ಅವಳ ಬೆರಳು ಮಾಡಿದ ಮಡಿಕೆಗಳು.

ನಲವತ್ತು ದಿನ ಕಳೆದ ಮೇಲೆ ಒಂದು ಭಾನುವಾರ ಬೆಳಗ್ಗೆ ಬಾಗಿಲಲ್ಲಿ ಒಬ್ಬ ಹುಡುಗಿ ನಿಂತಿದ್ದಳು.

"ಮೇಷ್ಟ್ರು ಮನೆ ಇದೇನಾ? ನಾನು ಭವ್ಯ ಅಂತ. ಭೀಮನಬೀಡಿನವಳು. ಬದನಗುಪ್ಪೆ ಫ್ಯಾಕ್ಟ್ರೀಲಿ ಕೆಲ್ಸ ಮಾಡ್ತೀನಿ."

ಕುರ್ಚಿ ತೋರಿಸಿದರೂ ಅವಳು ನೆಲದ ಮೇಲೆ ಕುಳಿತಳು. ಬೃಂದಾಳ ಯಂತ್ರದ ಕಡೆ ನೋಡಿದಳು, ಮತ್ತೆ ನನ್ನ ಕಡೆ ನೋಡಿದಳು.

"ಅಕ್ಕನ ಸುದ್ದಿ ಆವತ್ತೇ ಕೇಳ್ದೆ. ಸೂತಕ ಕಳೀಲಿ ಅಂತ ಸುಮ್ನಿದ್ದೆ. ಕ್ವಾಪ ಮಾಡ್ಕಬ್ಯಾಡಿ ಅಯ್ಯ. ನಂಗೆ ಇನ್ನು ಇಪ್ಪತ್ತು ದಿನಕ್ಕೆ ಮದ್ವೆ. ಅಕ್ಕಂಗೆ ಒಂದು ಸೀರೆ ಕೊಟ್ಟಿದ್ದೆ. ನಮ್ಮವ್ವನ ಧಾರೆ ಸೀರೆ. ಅದ್ರಲ್ಲಿ ನಂಗೊಂದು ಮೇಲಂಗಿ, ಕೈಲಿಡ್ಕಳಕ್ಕೆ ಒಂದು ಬ್ಯಾಗು ಒಲ್ಕೊಡ್ತೀನಿ ಅಂದಿದ್ರು. ಒಲೀದೆ ಇದ್ರೆ ಬುಡಿ, ಸೀರೆ ಕೊಟ್ರೆ ಸಾಕು."

"ಹೇಗಿತ್ತು ಸೀರೆ?"

"ಅರಿಸ್ನದ ಬಣ್ಣ, ಕುಂಕುಮದ ಅಂಚು. ಕೊಳ್ಳೇಗಾಲದ್ದು. ಅಕ್ಕ ಶಿವರಾತ್ರೀಲಿ ಅಂಥದೇ ಉಟ್ಟಿದ್ರಲ್ಲ, ಗುಡೀಲಿ ನೋಡಿ ನಾನೇ ಮಾತಾಡ್ಸಿದ್ದು. ನಮ್ಮವ್ವಂದೂ ಇಂಗೇ ಅದೆ ಕಣಕ್ಕಾ ಅಂದೆ. ತತ್ತಾ ಕೂಸೇ ನೋಡನ, ಅಂದ್ರು."

ನನ್ನ ತಲೆದಿಂಬು ಇದ್ದದ್ದು ಒಳಕೋಣೆಯಲ್ಲಿ. ನಡುವೆ ಒಂದು ಪರದೆ. ಭವ್ಯ ಕುಳಿತ ಜಾಗದಿಂದ ಎಂಟು ಹೆಜ್ಜೆಯೂ ಇರಲಿಕ್ಕಿಲ್ಲ.

"ಯಾವತ್ತು ತಂದುಕೊಟ್ಟೆ?"

"ಭಾನ್ವಾರ ಸಾಯಂಕಾಲ. ಅಕ್ಕ ತೀರ್ಕಂಡ್ರಲ್ಲ, ಅದ್ರ ಮುಂಚಿನ ದಿನ."

"ಏನಾದರೂ ಗುರುತು ಇತ್ತಾ ಸೀರೆಗೆ?"

"ನಂಗೆಂಗೆ ಗೊತ್ತಾಗ್ಬೇಕಯ್ಯ. ಅವ್ವ ಸತ್ತಾಗ ನಂಗೆ ಆರು ವರ್ಸ. ಅಪ್ಪ ಅದ ಮುಟ್ಟಕ್ಕೆ ಬುಡ್ತಿರ್ಲಿಲ್ಲ. ಅಕ್ಕನ ಮುಂದೇನೆ ಒಂದು ಮಡಿಕೆ ಬಿಚ್ಚಿದ್ದು. ಅಳಕ್ಕೆ ಸುರು ಮಾಡ್ಬುಟ್ಟೆ. ಇರ್ಲಿ ಬುಡು, ನಾನೇ ನೋಡ್ಕತೀನಿ ಅಂತ ಅಕ್ಕ ಎತ್ತಿ ಮಡಗಿದ್ರು."

ನಾನು ಅವಳಿಗೆ ನಿಜವನ್ನೇ ಹೇಳಿದೆ, ಅರ್ಧ ಮಾತ್ರ. ಮಗಳ ಬಟ್ಟೆಯ ಜೊತೆ ಎಲ್ಲವನ್ನೂ ಗಂಟು ಕಟ್ಟಿ ಕೊಟ್ಟುಬಿಟ್ಟಿದ್ದೇವೆ, ಅದರಲ್ಲಿ ನಿನ್ನದೂ ಹೋಗಿರಬೇಕು ಎಂದೆ. ಅವಳ ಮುಖ ಬಿಳಿಚಿತು. ಹುಡುಕಿ ಕೊಡುತ್ತೇನೆ ಎಂದೆ. ಮಾದಪ್ಪನ ಹೆಸರು ಹೇಳಿದೆ. ಅವಳು ನನ್ನ ಕಾಲು ಮುಟ್ಟಿ ಎದ್ದುಹೋದಳು.

ಅವಳು ಹೋದ ಮೇಲೆ ನಾನು ಲೆಕ್ಕ ಹಾಕಿದೆ. ಒಂದೇ ಬಣ್ಣದ ಎರಡು ಸೀರೆ. ಒಂದು ನನ್ನ ತಲೆಯ ಕೆಳಗೆ, ಇನ್ನೊಂದು ಗಂಟಿನಲ್ಲಿ. ಗಂಟಿನಲ್ಲಿ ಹೋದದ್ದು ಭವ್ಯಳ ತಾಯಿಯದು. ಹಾಗಿರಲೇಬೇಕು. ಅದನ್ನು ಹುಡುಕಿ ತಂದರೆ ಆ ಹುಡುಗಿಗೆ ಅವಳ ತಾಯಿ, ನನಗೆ ನನ್ನ ಮಗಳು. ಇದಕ್ಕಿಂತ ಬೇರೆ ರೀತಿ ಯೋಚಿಸಲು ನನ್ನಿಂದ ಆಗಲಿಲ್ಲ.

ಕರಿಬಸಮ್ಮ ಬೀದಿ ಕೊನೆಯ ತಳ್ಳುಗಾಡಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಇದ್ದಲಿನ ಪೆಟ್ಟಿಗೆಯನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

"ಸತ್ತೋರ ಬಟ್ಟೆ ಕೊಟ್ಬುಟ್ಟು ವಾಪಸ್ ಕೇಳೋರಲ್ಲಿ ನಿಮ್ಮನ್ನೇ ಮೊದಲು ನೋಡ್ತಿರದು ಮೇಷ್ಟ್ರೇ. ಓದಿದೋರು ನೀವು. ಅಂಗೆಲ್ಲ ಕೇಳ್ಬಾರ್ದು. ಸತ್ತೋರು ತಿರುಗಿ ಬತ್ತಾರೆ."

"ಬರಲಿ" ಎಂದೆ.

ಅವಳು ಪೆಟ್ಟಿಗೆಯನ್ನು ಪಕ್ಕಕ್ಕೆ ಸರಿಸಿದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು. "ನೂಲು ಸೀರೆ ನನ್ನ ಸೊಸೇರು ಉಟ್ಕಂಡವ್ರೆ. ರೇಷ್ಮೆ ನಾವೇನ್ ಮಾಡನ? ಚಾಮರಾಜನಗರದಿಂದ ಒಬ್ಬಳು ಸ್ಕೂಟರಲ್ಲಿ ಬತ್ತಾಳೆ, ಹಳೇ ರೇಷ್ಮೆ ಎತ್ಕಂಡು ಓಯ್ತಾಳೆ. ಬ್ಯಾಗ್ ಒಲೀತಾಳಂತೆ. ಅವಳಿಗೇ ಕೊಟ್ಟೆ. ಹಳದೀದು ಒಂದಿತ್ತು, ನೆಪ್ಪದೆ. ಹೆಸ್ರು ಗೊತ್ತಿಲ್ಲ ಕಣ."

ಮಂಗಳವಾರ ತೆರಕಣಾಂಬಿ ಮೇಲೆ ಹೋಗುವ ಬಸ್ಸು ಹತ್ತಿ ಚಾಮರಾಜನಗರಕ್ಕೆ ಹೋದೆ. ಚೀಲ ಹೊಲಿಯುವವರು ಎಲ್ಲಿರುತ್ತಾರೆ ಎಂಬುದೇ ನನಗೆ ತಿಳಿದಿರಲಿಲ್ಲ. ದೊಡ್ಡ ಬಟ್ಟೆ ಅಂಗಡಿಗಳಿಗೆ ಬೋರ್ಡು ಇರುತ್ತದೆ, ದೀಪ ಇರುತ್ತದೆ. ಇವರಿಗೆ ಏನೂ ಇಲ್ಲ. ಒಬ್ಬಳು ಗೋದಾಮಿನ ಹಿಂದಿನ ಕೋಣೆಯಲ್ಲಿ, ಇನ್ನೊಬ್ಬಳು ಗಂಡನ ಸೈಕಲ್ ಅಂಗಡಿಯ ಮೇಲೆ, ಮತ್ತೊಬ್ಬಳು ಅಡುಗೆಮನೆಯ ಪಕ್ಕದ ಹಜಾರದಲ್ಲಿ. ಕೊಳ್ಳುವವರು ಒಬ್ಬರಿಂದ ಒಬ್ಬರು ಕೇಳಿ ಇವರನ್ನು ಹುಡುಕಿಕೊಂಡು ಬರುತ್ತಾರೆ. ಬಿಸಿಲಿನಲ್ಲಿ ನಾನೂ ಹಾಗೆಯೇ ಕೇಳುತ್ತ ಹೊರಟೆ.

ಮೊದಲು ಸಿಕ್ಕಿದವನು ನಾಗೇಂದ್ರ ಎಂಬ ಲೇಡೀಸ್ ಟೈಲರ್. ರವಿಕೆ ಹೊಲಿಯುವವನು. ನನ್ನ ಮಾತು ಕೇಳಿ ಅವನ ಅಂಗಡಿಯಲ್ಲಿದ್ದ ಇಬ್ಬರು ಹೆಂಗಸರು ನಕ್ಕರು.

"ಯಾರಿಗೆ ತಾತ ಬ್ಯಾಗು? ಅಜ್ಜಿಗಾ?"

"ಅಜ್ಜಿ ಹೋಗಿ ಹನ್ನೆರಡು ವರ್ಷ ಆಯ್ತಮ್ಮ."

ನಗು ನಿಂತಿತು. ನಾಗೇಂದ್ರ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದ. "ಹಳೇ ರೇಷ್ಮೇಲಿ ಒಲಿಯೋರು ಇಲ್ಲಿ ಮೂರೋ ನಾಕೋ ಜನ ಅವ್ರೆ ಯಜಮಾನ್ರೇ. ಸೈಕಲ್ ಅಂಗ್ಡಿ ಮ್ಯಾಲೆ ಒಂದು ಹುಡ್ಗಿ ಅವ್ಳೆ, ಅಲ್ಲಿ ಕೇಳಿ. ಆದ್ರೆ ಮದ್ವೆ ಕೆಲ್ಸ ಅಂದ್ರೆ ಯಾರೂ ಈಗ ಮುಟ್ಟಲ್ಲ. ಎಲ್ಲರ ಕೈಲೂ ತುಂಬದೆ."

ಮದುವೆ ಕೆಲಸ. ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಆ ಸೋಮವಾರ ಬೆಳಗ್ಗೆ ನಾನು ಪೂಜೆ ಮುಗಿಸಿ ಬಂದಾಗ ಬೃಂದಾ ಯಂತ್ರದ ಮುಂದೆ ಕುಳಿತು ಕೇಳಿದ್ದಳು: "ಅಪ್ಪ, ಇವತ್ತೊಂದು ದಿನ ಕತ್ತರಿ ಹಿಡೀಲಾ? ಮದ್ವೆ ಕೆಲ್ಸ ಒಂದದೆ." ಸೋಮವಾರ ನಮ್ಮಲ್ಲಿ ಬಟ್ಟೆಗೆ ಕತ್ತರಿ ಹಾಕುವುದಿಲ್ಲ. ಅದು ಮಾದಪ್ಪನ ದಿನ. ಚಿಕ್ಕಂದಿನಿಂದ ನಾನೇ ಅವಳಿಗೆ ಹೇಳಿಕೊಟ್ಟ ನಿಯಮ. "ನಾಳೆ ಆಗ್ತದೆ ಕಣಮ್ಮಿ" ಎಂದಿದ್ದೆ. "ಆಯ್ತು ಬುಡಿ" ಎಂದು ಅವಳು ಕತ್ತರಿಯನ್ನು ಮೊಳೆಗೆ ತಗುಲಿಹಾಕಿದಳು.

ಯಾವ ಮದುವೆ ಕೆಲಸ ಎಂದು ನಾನು ಕೇಳಲಿಲ್ಲ. ಹಲಗೆಯ ಮೇಲೆ ಏನಿತ್ತು ಎಂದು ನೋಡಲೂ ಇಲ್ಲ. ಅವಳ ಕೈಯಲ್ಲಿ ಹತ್ತು ಜನರ ಬಟ್ಟೆ ಇರುತ್ತಿತ್ತು, ಬೇರೆ ಯಾರದೋ ಮದುವೆ ಇರಬಹುದು. ಹೀಗೆ ನನಗೆ ನಾನೇ ಹೇಳಿಕೊಂಡು ಸೈಕಲ್ ಅಂಗಡಿಯ ಮೆಟ್ಟಿಲು ಹತ್ತಿದೆ.

ಮೇಲಿನ ಕೋಣೆಯ ಹುಡುಗಿಗೆ ಇಪ್ಪತ್ತೆರಡು ಇರಬಹುದು. ಗೋಡೆ ತುಂಬ ಅಂಗಿಗಳು ತೂಗಾಡುತ್ತಿದ್ದವು. ಹಳೆಯ ಧೋತ್ರವನ್ನು ನೀಲಿಯಲ್ಲಿ ಅದ್ದಿ ಮಾಡಿದ ಟಾಪು, ಸೀರೆಯ ಜರಿ ಅಂಚನ್ನು ತೋಳಿಗೆ ಕೊಟ್ಟ ಕುರ್ತಾ, ಮಣಿ ಪೋಣಿಸಿದ ಪುಟ್ಟ ಚೀಲ. ಮುದುಕನೆಂದು ಅವಳು ನನ್ನನ್ನು ಕಡೆಗಣಿಸಲಿಲ್ಲ. ಒಂದೊಂದನ್ನೇ ಇಳಿಸಿ ತೋರಿಸಿದಳು.

"ಇದು ಸೈಡ್ ಬ್ಯಾಗು ತಾತ. ಮೊಬೈಲು, ಬಸ್ ಪಾಸು, ಬಾಚಣಿಗೆ ಹಿಡೀತದೆ. ಇದು ಪೊಟ್ಲಿ, ದಾರ ಎಳ್ದು ಬಾಯಿ ಕಟ್ಟದು, ಮದ್ವೆ ಮನೇಗೆ. ಹಳದಿ ಸೀರೇದು ನನ್ ತಾವ ಯಾವ್ದೂ ಇಲ್ಲ. ಹಳದಿ ಬೇಕು ಅಂದ್ರೆ…" ಎಂದು ಮೂಲೆಯಿಂದ ತನ್ನದೇ ಹೆಗಲ ಚೀಲ ತಂದಳು. ಹಸಿರು ರೇಷ್ಮೆ, ಹಳದಿ ಬಾಯಿ. "ಬಣ್ಣ ಕೂಡ್ಸದು ನೋಡಿ ಇಂಗೆ. ಇದ ನಾನ್ ಒಲ್ದಿದ್ದಲ್ಲ. ಗುಂಡ್ಲುಪೇಟೆ ಬೃಂದಕ್ಕಂದು. ನಾಕು ವರ್ಸ ಆಯ್ತು, ಒಂದ್ ಹೊಲಿಗೆ ಬುಟ್ಟಿಲ್ಲ."

ಚೀಲವನ್ನು ನನ್ನ ಕೈಗೆ ಕೊಟ್ಟಳು. ನನ್ನ ಮಗಳು ಹೊಲಿದದ್ದನ್ನು ನಾನು ಕೈಗೆ ತೆಗೆದುಕೊಂಡದ್ದು ಅದೇ ಮೊದಲು. ಒಳಗೆ ಮೆತ್ತನೆಯ ನೂಲಿನ ಬಟ್ಟೆ. ಅಂಚು ಎಲ್ಲಿ ಮುಗಿದು ಎಲ್ಲಿ ಶುರುವಾಯಿತೆಂದು ತಿಳಿಯದಂತೆ ಕೂಡಿಸಿದ್ದಳು.

"ಒಳ್ಗಡೆ ಮೂಲೆ ನೋಡಿ" ಎಂದಳು ಹುಡುಗಿ. "ಮೂರು ಬಿಳಿ ಹೊಲಿಗೆ ಅದೆ ಅಲ್ವಾ, ಒಂದರ ಕೆಳ್ಗೆ ಒಂದು? ಅದು ಅವ್ರ ಗುರುತು. ಹೆಸರಿನ ಚೀಟಿ ಹಾಕ್ತಿರ್ಲಿಲ್ಲ. ಅವ್ರ ಕೈಲಿ ಒಲ್ದಿದ್ದು ಅಂದ್ಮೇಲೆ ಮೂರು ಹೊಲಿಗೆ ಇದ್ದೇ ಇರ್ಬೇಕು. ಅವರಪ್ಪ ದಿನಾ ಇಬೂತಿ ಹಚ್ಕತಾರಂತೆ, ಅದ ನೋಡ್ಕಂಡು ಮಾಡಿದ್ದು ಅಂತಿದ್ರು."

ಹೇಳುತ್ತ ಹೇಳುತ್ತ ಅವಳ ಕಣ್ಣು ನನ್ನ ಹಣೆಯ ಮೇಲೆ ನಿಂತಿತು. ಅವಳು ಒಂದು ಲೋಟ ನೀರು ತಂದುಕೊಟ್ಟಳು. ಆಮೇಲೆ ಸ್ಕೂಟರಿನವಳ ಹೆಸರು ಚಿಕ್ಕನಿಂಗಮ್ಮ ಎಂದೂ, ರಾಮಸಮುದ್ರದಲ್ಲಿ ಮನೆ ಎಂದೂ, ಎರಡು ದಿನ ಊರಲ್ಲಿ ಇರುವುದಿಲ್ಲ, ಶುಕ್ರವಾರ ಬನ್ನಿ ಎಂದೂ ಮೆಲ್ಲಗೆ ಹೇಳಿದಳು.

ಮನೆಗೆ ಬಂದೆ. ತಲೆದಿಂಬಿನ ಕೆಳಗಿನ ಸೀರೆಯಲ್ಲಿ ಮೂರು ಹೊಲಿಗೆ ಇದೆಯೋ ಇಲ್ಲವೋ ಎಂದು ಬಿಚ್ಚಿ ನೋಡಿದ್ದರೆ ಆವತ್ತೇ ತಿಳಿಯುತ್ತಿತ್ತು. ನೋಡಲಿಲ್ಲ. ಕೊಂಡು ತಂದ ಸೀರೆಗೆ ಯಾರು ಗುರುತು ಹಾಕಿಕೊಳ್ಳುತ್ತಾರೆ ಎಂದುಕೊಂಡೆ. ಮೂರು ದಿನ ಸರಿಯಾಗಿ ಊಟ ಸೇರಲಿಲ್ಲ. ದೇವರ ಮುಂದೆ ಕುಳಿತು ಕೇಳುತ್ತಿದ್ದದ್ದು ಒಂದೇ. ಸ್ವಾಮಿ, ಆ ಹೆಂಗಸಿನ ಮನೆಯಲ್ಲಿರುವುದು ಭವ್ಯಳ ತಾಯಿಯ ಸೀರೆಯಾಗಿರಲಿ. ಅದು ಚೂರಾಗಿದ್ದರೂ ಸರಿ, ಭವ್ಯಳದೇ ಆಗಿರಲಿ. ಇನ್ನೊಬ್ಬರ ಮಗಳ ಮದುವೆಯ ಸೀರೆ ಚೂರಾಗಿರಲಿ ಎಂದು ಬೇಡಿದವನು ನಾನು. ಇದನ್ನು ಬರೆಯಲು ನಾಚಿಕೆಯಾಗುತ್ತದೆ.

ಶುಕ್ರವಾರ ಹೋದಾಗ ಚಿಕ್ಕನಿಂಗಮ್ಮ ಬಾಗಿಲಲ್ಲೇ ನನ್ನ ಗುರುತು ಹಿಡಿದಳು. ನಲವತ್ತೈದರ ಗಟ್ಟಿ ಹೆಂಗಸು, ಕತ್ತಿನಲ್ಲಿ ಅಳತೆಯ ಟೇಪು.

"ಬನ್ನಿ ಮೇಷ್ಟ್ರೇ. ತಿಥಿ ದಿನ ನಾನೂ ಬಂದಿದ್ದೆ. ನಿಮ್ಗೆ ಯಾರ ಗ್ಯಾನವೂ ಇರ್ಲಿಲ್ಲ ಬುಡಿ."

ನಾನು ಕುಳಿತುಕೊಳ್ಳದೆ ವಿಷಯ ಹೇಳಿದೆ. ಕರಿಬಸಮ್ಮನಿಂದ ತಂದ ಹಳದಿ ಸೀರೆ. ಅದು ಒಬ್ಬ ಹುಡುಗಿಯ ತಾಯಿಯದು, ತಪ್ಪಿ ಗಂಟಿನಲ್ಲಿ ಸೇರಿದೆ, ಉಳಿದಷ್ಟು ಕೊಡಬೇಕು.

ಅವಳು ಟೇಪನ್ನು ಕತ್ತಿನಿಂದ ತೆಗೆದಳು. "ಅದು ಯಾರ ತಾಯಿದೂ ಅಲ್ಲ ಮೇಷ್ಟ್ರೇ. ಬೃಂದಂದು."

"ನಿನಗೆ ಹೇಗೆ ಗೊತ್ತು? ಅಂಥವು ಊರ ತುಂಬ ಇರುತ್ತವೆ."

"ನಂಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಾದದು. ಕೊಳ್ಳೇಗಾಲಕ್ಕೆ ನಾವಿಬ್ರೂ ಒಟ್ಟಿಗೆ ಓಗಿ ತಂದಿದ್ದು. ಈ ಮಿಷಿನ್ ಮುಂದೆ, ಇಲ್ಲೇ ಕೂತ್ಕಂಡು ಅಂಚಿನ ಒಳಗಡೆ ಫಾಲ್ ಬಟ್ಟೆ ಹಾಕ್ಕಂಡ್ಳು. ನಾನ್ ಆಕ್ಕೊಡ್ತೀನಿ ತಾ ಅಂದ್ರೂ ಕೊಡ್ನಿಲ್ಲ. ನನ್ನ ದುಡಿಮೇಲಿ ತಗಂಡಿರೋ ಮೊದಲ್ನೇ ರೇಷ್ಮೆ, ನನ್ನ ಕೈ ಹೊಲಿಗೇನೇ ಇರ್ಲಿ ಅಂದ್ಳು. ಕೊನೇಲಿ ಆ ಮೂರು ಹೊಲಿಗೆನೂ ಆಕುದ್ಳು. ನಿಂದೇ ಸೀರೆಗೆ ಯಾಕಮ್ಮಿ ಗುರುತು, ಯಾರ್ ಕದ್ಕಂಡು ಓದಾರು ಅಂತ ನಗಾಡ್ದೆ."

ಮೊಬೈಲು ತೆಗೆದು ಬೆರಳಿನಲ್ಲಿ ಸರಿಸುತ್ತ ಹೋದಳು. ಒಂದು ಚಿತ್ರ ನನ್ನ ಮುಂದೆ ಹಿಡಿದಳು. ಅರಿಸಿನದ ಬಣ್ಣದ ಹೆಗಲ ಚೀಲ, ಕುಂಕುಮದ ಅಂಚಿನ ಪಟ್ಟಿ. ಮುಂದಿನ ಚಿತ್ರದಲ್ಲಿ ಅದೇ ಚೀಲ ಬಾಯಿ ತೆರೆದಿತ್ತು. ಒಳಗೆ ಜೇಬಿನ ಮೇಲೆ ಫಾಲಿನ ಬಟ್ಟೆಯ ಒಂದು ಚೂರು, ಅದರಲ್ಲಿ ಮೂರು ಬಿಳಿ ಹೊಲಿಗೆ.

"ಅದೊಂದು ಚೂರ ಬಿಸಾಕಕ್ಕೆ ಮನ್ಸು ಬರ್ನಿಲ್ಲ. ಅಂಗೇ ಒಳ್ಗೆ ಮಡಗಿ ಒಲ್ದೆ. ಬ್ಯಾರೆಯವ್ರು ಅವಳ ಸೀರೆ ಉಟ್ಕಂಡು ನನ್ನ ಕಣ್ಮುಂದೆ ಓಡಾಡದ ನೋಡಕ್ಕಾಗಲ್ಲ ಅಂತ್ಲೇ ಕತ್ತರ್ಸಿದ್ದು ಮೇಷ್ಟ್ರೇ. ಎಂಟು ಬ್ಯಾಗಾಯ್ತು. ಅವಳ ಕಟಿಂಗಲ್ಲೇ ಮಾಡ್ದೆ."

"ಎಲ್ಲಿವೆ?"

"ಬಂಡೀಪುರದ ರೋಡಲ್ಲಿ ಒಂದು ಅಂಗ್ಡಿಗೆ ಕೊಡ್ತೀನಿ ನಾನು. ತಡೀರಿ."

ಅಂಗಡಿಯವನಿಗೆ ಫೋನು ಮಾಡಿ, ನನಗೂ ಕೇಳುವಂತೆ ಮುಂದೆ ಹಿಡಿದಳು. ಅವನ ದನಿ ಗಾಡಿಗಳ ಸದ್ದಿನ ನಡುವೆ ಬಂತು. "ಹಳದೀವಾ? ಅವು ಒಂದೇ ವಾರಕ್ಕೆ ಓದ್ವು ಕಣಕ್ಕ. ಕ್ಯಾರಳದೋರು ಮೂರು ತಗಂಡ್ರು. ಮಿಕ್ಕವು ಊಟಿಗೆ ಓಗೋರು, ಇಲ್ಲಿಯವ್ರು ಒಂದಿಬ್ರು. ಯಾರು ಅಂತ ನಾನೆಂಗೆ ಏಳ್ಲಿ. ಇನ್ನೊಂದ್ ಸೆಟ್ ಇದ್ರೆ ಕಳ್ಸು, ಅವೇ ಕೇಳ್ತವ್ರೆ."

ಚಿಕ್ಕನಿಂಗಮ್ಮ ಫೋನು ಕೆಳಗಿಟ್ಟಳು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದೆ.

"ಕೂತ್ಕಳಿ ಮೇಷ್ಟ್ರೇ. ಯಾಕಿಂಗೆ ಬೆವರ್ತಿದ್ದೀರಿ? ಆ ಕೂಸಿನ ಸೀರೆ ಚೂರಾಗಿಲ್ಲ ಅಂತ ಗೊತ್ತಾಯ್ತಲ್ಲ, ಒಳ್ಳೇದೇ ಆಯ್ತಲ್ವಾ? ಎಲ್ಲೋ ಇಡೀದಾಗೇ ಅದೆ. ಮನೇಲಿ ಇನ್ನೊಂದ್ಸತಿ ಸರ್ಯಾಗಿ ನೋಡಿ."

ನೋಡುತ್ತೇನೆ ಎಂದೆ. ಆ ಚಿತ್ರವನ್ನು ಇನ್ನೊಮ್ಮೆ ತೋರಿಸಮ್ಮ ಎಂದೆ. ತೋರಿಸಿದಳು. ಇನ್ನೂ ಒಮ್ಮೆ ಕೇಳಿದೆ. ಮೂರನೆಯ ಸಲ ಅವಳು ನನ್ನ ಮುಖ ನೋಡದೆ ಫೋನನ್ನೇ ನನ್ನ ಕೈಗೆ ಕೊಟ್ಟು ಒಳಗೆ ಹೋದಳು.

ಶನಿವಾರ ಭವ್ಯಳ ಫೋನು ಬಂತು. ಸಿಕ್ತಾ ಅಯ್ಯ ಎಂದಳು. ಸಿಕ್ಕಲಿಲ್ಲ ಎಂದೆ. ಆ ಮಾತು ಹೇಳುವಾಗ ಸೀರೆ ನನ್ನ ತೊಡೆಯ ಮೇಲೆ ಇತ್ತು. ಅದು ಯಾರದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಕೊಡಲಾರದೆ ಹೋದೆ. ಅದನ್ನು ಕೊಟ್ಟ ಮೇಲೆ ಈ ಮನೆಯಲ್ಲಿ ಅವಳದೆಂದು ಹಿಡಿದುಕೊಳ್ಳಲು ಏನಿರುತ್ತದೆ? ಕಬ್ಬಿಣದ ಯಂತ್ರ, ಮೊಳೆಗೆ ತೂಗುಹಾಕಿದ ಕತ್ತರಿ. ಮಡಿಕೆಗಳಾದರೂ ಅವಳವೇ ಎಂದು ನನಗೆ ನಾನೇ ವಾದ ಮಾಡಿದೆ. ಕೊನೆಯದಾಗಿ ಅವಳ ಕೈ ಸೋಕಿದ್ದು ಇದನ್ನೇ ಎಂದು ವಾದ ಮಾಡಿದೆ.

ಆ ಕಡೆಯಿಂದ ಭವ್ಯ, "ಆಯ್ತು ಬುಡಿ ಅಯ್ಯ" ಎಂದಳು. "ನಮ್ಮವ್ವ ಎಲ್ಡು ಸತಿ ಸತ್ತಂಗಾಯ್ತು ಅಷ್ಟೆ. ನೀವು ತಾನೆ ಏನ್ ಮಾಡೀರಿ. ನಿಮ್ಮ ಮಗಳೇ ಓಗವ್ರೆ. ಈ ಬಿಸ್ಲಲ್ಲಿ ಇನ್ನ ಅಲೀಬ್ಯಾಡಿ."

ಸೋಮವಾರ ಬೆಳಗ್ಗೆ ಮಿಂದು ದೇವರ ಮುಂದೆ ಕುಳಿತೆ. ವಿಭೂತಿಯ ಗಟ್ಟಿಯನ್ನು ನೀರಿನಲ್ಲಿ ತೇದು ಮೂರು ಬೆರಳಿಗೆ ತೆಗೆದುಕೊಂಡೆ. ಕೈಯನ್ನು ಹಣೆಯವರೆಗೆ ಎತ್ತಿದೆ. ಅಲ್ಲಿಂದ ಮುಂದಕ್ಕೆ ಕೈ ಹೋಗಲಿಲ್ಲ. ಅರವತ್ತು ವರ್ಷ ಮಾಡಿದ ಕೆಲಸ. ಮೂರು ಗೆರೆ. ಅವಳು ಅದನ್ನು ನೋಡಿ ನೋಡಿ, ಇದು ನನ್ನ ಕೈಯದು, ಇದರಲ್ಲಿ ಮೋಸವಿಲ್ಲ ಎಂದು ಹೇಳಲು ಬಟ್ಟೆಯ ಮೇಲೆ ಹಾಕಿಕೊಂಡಳು. ಆ ಗೆರೆಗಳನ್ನು ಎಳೆದುಕೊಂಡು ನಾನು ಇನ್ನೊಬ್ಬರ ತಾಯಿಯನ್ನು ಬಚ್ಚಿಟ್ಟುಕೊಂಡು ಕುಳಿತಿದ್ದೆ. ಬೆರಳಿನಲ್ಲಿಯೇ ವಿಭೂತಿ ಒಣಗಿತು.

ಎದ್ದು ಒಳಗೆ ಹೋಗಿ ಸೀರೆಯನ್ನು ಚಾಪೆಯ ಮೇಲೆ ಬಿಚ್ಚಿದೆ. ಫಾಲಿನ ಉದ್ದಕ್ಕೂ ನೋಡಿದೆ. ಯಾರೋ ಕಲಿಯದ ಕೈಯವರು ನೀಲಿ ದಾರದಲ್ಲಿ ಹಾಕಿದ ದೊಡ್ಡ ದೊಡ್ಡ ಹೊಲಿಗೆ. ಬಿಳಿಯದು ಎಲ್ಲಿಯೂ ಇರಲಿಲ್ಲ. ಸೆರಗಿನ ತುದಿಯಲ್ಲಿ ಕಡಲೆಕಾಳಿನಷ್ಟು ದೊಡ್ಡ ಒಂದು ಗಂಟು ಇತ್ತು. ಬೆರಳಿಂದ ಒತ್ತಿ ನೋಡಿದೆ. ಒಳಗೆ ನಾಲ್ಕೈದು ಅಕ್ಕಿಕಾಳು. ಧಾರೆಯ ದಿನದ ಅಕ್ಷತೆ ಇರಬೇಕು. ಆ ಹೆಣ್ಣುಮಗಳು ಕಟ್ಟಿಟ್ಟುಕೊಂಡಿದ್ದಳು. ನಾನು ಗಂಟು ಬಿಚ್ಚಲಿಲ್ಲ. ಸೀರೆಯನ್ನು ಮೊದಲಿನಂತೆ ಮಡಿಸಲು ನೋಡಿದೆ. ಆ ಮಡಿಕೆ ನನ್ನ ಕೈಗೆ ಬರಲಿಲ್ಲ.

ಮಧ್ಯಾಹ್ನದ ಬಸ್ಸಿನಲ್ಲಿ ಹೊರಟು, ಚಾಮರಾಜನಗರದಲ್ಲಿ ಬಸ್ಸು ಬದಲಿಸಿ, 'ಬದನಗುಪ್ಪೆ' ಎಂದು ಟಿಕೆಟು ತೆಗೆದುಕೊಂಡೆ. ಹಣೆಯ ಮೇಲೆ ಏನೂ ಇರಲಿಲ್ಲ. ಫ್ಯಾಕ್ಟರಿಯ ಗೇಟಿನ ಮುಂದೆ ನೆರಳಿಲ್ಲ. ಪಾಳಿ ಬಿಡುವವರೆಗೆ ಒಂದು ಗಂಟೆ ನಿಂತೆ. ಗಂಟೆ ಬಾರಿಸಿದ ಮೇಲೆ ನೂರಾರು ಹೆಣ್ಣುಮಕ್ಕಳು ಒಟ್ಟಿಗೆ ಹೊರಗೆ ಬಂದರು. ಎಲ್ಲರಿಗೂ ಒಂದೇ ಬಣ್ಣದ ಮೇಲಂಗಿ. ಭವ್ಯಳೇ ನನ್ನನ್ನು ಕಂಡು ಓಡಿಬಂದಳು.

"ಅಯ್ಯ, ಇಲ್ಲೀಗಂಟ ಬಂದ್ರಾ?"

ಸೀರೆಯನ್ನು ಒಂದು ಶುಭ್ರವಾದ ಪಂಚೆಯಲ್ಲಿ ಸುತ್ತಿದ್ದೆ. ಕೊಟ್ಟೆ. ಅವಳು ಅಂಚು ಸರಿಸಿ ಬಣ್ಣ ನೋಡಿದಳು. ಮುಖ ಅರಳಿತು.

"ಎಲ್ಲಿತ್ತು?"

"ನನ್ನ ತಲೆದಿಂಬಿನ ಕೆಳಗೆ."

ಅವಳಿಗೆ ಅರ್ಥವಾಗಲಿಲ್ಲ. ನಾನು ಎಲ್ಲವನ್ನೂ ಹೇಳಿದೆ. ಯಂತ್ರದ ಮೇಲಿಂದ ತೆಗೆದುಕೊಂಡದ್ದು, ಮಗಳದೆಂದುಕೊಂಡದ್ದು, ಶುಕ್ರವಾರ ತಿಳಿದದ್ದು, ಶನಿವಾರ ಸುಳ್ಳು ಹೇಳಿದ್ದು. ವ್ಯಾನಿನ ಹತ್ತಿರದಿಂದ ಅವಳ ಗೆಳತಿಯರು, "ಬಾರಮ್ಮಿ, ಓಗನ" ಎಂದು ಕೂಗುತ್ತಿದ್ದರು. ಅವಳು ಕದಲಲಿಲ್ಲ.

"ನಾನ್ ನಿಮ್ಮನೇಲಿ ಕೂತಿದ್ನಲ್ಲ, ಆವತ್ತೂ ಅಲ್ಲೇ ಇತ್ತಾ?"

"ಅಲ್ಲೇ ಇತ್ತು ಮಗ."

"ಎಂಟು ದಿನ ಅತ್ತಿದ್ದೀನಿ ಕಣಯ್ಯ ನಾನು. ಅಪ್ಪನ ಮಕ ನೋಡಕ್ಕಾಗ್ದೆ ಬಚ್ಚಲಲ್ಲಿ ಕೂತ್ಕಂಡು ಅತ್ತಿದ್ದೀನಿ."

ಅವಳು ಸೀರೆಯನ್ನು ಮುಖಕ್ಕೆ ಒತ್ತಿಕೊಂಡಳು. ಬಹಳ ಹೊತ್ತಾದ ಮೇಲೆ ತೆಗೆದು, "ಬರೀ ಇಬೂತಿ ವಾಸ್ನೆ" ಎಂದಳು. "ಸೆರಗಿನ ತುದೀಲಿ ಒಂದು ಗಂಟದೆ, ನೋಡು" ಎಂದೆ. ಅವಳ ಬೆರಳು ಗಂಟನ್ನು ಹುಡುಕಿತು, ಒಳಗಿನ ಕಾಳುಗಳನ್ನು ಮುಟ್ಟಿತು, ಅಲ್ಲಿಯೇ ನಿಂತಿತು. ಅವಳು ಅಳಲಿಲ್ಲ. ಆ ಗಂಟನ್ನು ಮುಷ್ಟಿಯಲ್ಲಿ ಹಿಡಿದುಕೊಂಡೇ ನನ್ನನ್ನು ನೋಡಿದಳು.

"ನಿಮ್ಗೀಗ ಅಕ್ಕಂದು ಏನದೆ?"

"ಏನಿಲ್ಲ."

"ಮದ್ವೆಗೆ ಬನ್ನಿ ಅಂತ ಏಳ್ಬೇಕು. ಇವತ್ತು ಬಾಯಿಗೆ ಬರ್ತಿಲ್ಲ ಅಯ್ಯ" ಎಂದಳು. ಪಂಚೆಯನ್ನು ಮಡಿಸಿ ನನ್ನ ಕೈಗೆ ವಾಪಸು ಕೊಟ್ಟು, ಸೀರೆಯನ್ನು ಎದೆಗೆ ಹಿಡಿದುಕೊಂಡು ವ್ಯಾನಿನ ಕಡೆಗೆ ಹೋದಳು. ಹತ್ತುವಾಗ ತಿರುಗಿ ನೋಡಲಿಲ್ಲ.

ಈಗ ಸಂಜೆ ನಾಲ್ಕಕ್ಕೆ ಗುಂಡ್ಲುಪೇಟೆಯ ಬಸ್ ನಿಲ್ದಾಣಕ್ಕೆ ಹೋಗಿ ಕುಳಿತುಕೊಳ್ಳುತ್ತೇನೆ. ಊಟಿಯಿಂದ, ಸುಲ್ತಾನ್ ಬತ್ತೇರಿಯಿಂದ, ಮೈಸೂರಿನಿಂದ ಬಸ್ಸುಗಳು ಬರುತ್ತವೆ. ಹೆಂಗಸರು ಇಳಿಯುತ್ತಾರೆ. ನಾನು ಅವರ ಹೆಗಲನ್ನು ನೋಡುತ್ತೇನೆ. ಅರಿಸಿನದ ಬಣ್ಣದ ಚೀಲಗಳು ಎಂಟು. ಅದರಲ್ಲಿ ಒಂದರ ಒಳಗೆ, ಜೇಬಿನ ಮೇಲೆ, ನನ್ನ ಮಗಳ ಕೈಯ ಮೂರು ಹೊಲಿಗೆ ಇವೆ. ಹೊತ್ತುಕೊಂಡವಳಿಗೆ ಅದು ಏನೆಂದು ತಿಳಿಯದು. ಕಂಡರೆ ಏನು ಕೇಳಬೇಕೆಂದು ನನಗೂ ತಿಳಿಯದು. ಮನೆಯಲ್ಲಿ ಅವಳ ಬಟ್ಟೆಯ ಒಂದು ಎಳೆಯೂ ಇಲ್ಲ. ಅವಳ ಜೀವಕ್ಕೆ ಇನ್ನು ಅಡ್ಡಿಯಿಲ್ಲ. ಅಡ್ಡಿ ಇರಲಿ ಎಂದು ಬೇಡಿಕೊಳ್ಳಲು ಮಾತ್ರ ನನಗೆ ಈಗ ಮುಖವಿಲ್ಲ.

ನಿನ್ನೆ ಒಬ್ಬ ಹೆಂಗಸಿನ ಹೆಗಲ ಮೇಲೆ ಹಳದಿ ಕಂಡಂತಾಯಿತು. ಎದ್ದು ಎರಡು ಹೆಜ್ಜೆ ಹೋದೆ.

"ಏನ್ ಯಜಮಾನ್ರೇ, ಆಗ್ಲಿಂದ ಅಂಗೇ ನೋಡ್ತಿದ್ದೀರಿ" ಎಂದಳು.

"ಚೀಲ ನೋಡ್ತಿದ್ದೀನಿ ತಾಯಿ."

ಅವಳು ಚೀಲವನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸಿ, ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು ಪಕ್ಕಕ್ಕೆ ಸರಿದಳು.